2 ಸಮುವೇಲ 17:27ರ ಮೂರು ಹೆಸರುಗಳು: ಮಾಡಿದ ದಯೆಗೆ ಆಯುಸ್ಸು ಎಷ್ಟು?

ಮಲೆನಾಡು ಓದುಗ

ಎಲ್ಲರಿಗೂ ವಂದನೆಗಳು. ಸಭೆಯ ಯೌವನಸ್ಥರ ಬೈಬಲ್ ಅಧ್ಯಯನಕ್ಕೆ ಈ ಸಲ ದಯೆಯ ಶಾಶ್ವತ ಬೆಲೆ ಎಂಬ ವಿಷಯ ಇಟ್ಟುಕೊಂಡಿದ್ದೇವೆ. ನಾಲ್ಕು ಭಾನುವಾರ, ಒಂದೊಂದಕ್ಕೆ 45 ನಿಮಿಷ. 1 ಕೊರಿಂಥ 13, ಗಲಾತ್ಯ 5:22, ಮೀಕ 6:8 ಎಲ್ಲರಿಗೂ ಬಾಯಿಪಾಠ. "ದಯೆ ತೋರಿಸಬೇಕು" ಅಂದರೆ ಎಲ್ಲರೂ ಹೌದು ಅನ್ನುತ್ತಾರೆ, ಐದು ನಿಮಿಷಕ್ಕೆ ಮಾತು ಮುಗಿದುಹೋಗುತ್ತದೆ.

ಅದಕ್ಕೇ ಉಪದೇಶದ ವಚನಗಳಿಗಿಂತ ಕಥಾಭಾಗಗಳು ಬೇಕು. ಒಬ್ಬರು ಮಾಡಿದ ದಯೆ ಅವರ ಕಾಲ ಮುಗಿದ ಮೇಲೆ ಏನಾಯಿತು ಎಂದು ಬೈಬಲ್ಲೇ ಹೇಳುವಂಥವು. ಅಧ್ಯಾಯ, ವಚನ ಸಮೇತ ತಿಳಿಸಿ. ಓದುವವರು ಎಲ್ಲಿ ಎಡವುತ್ತಾರೆ ಅನ್ನುವುದನ್ನೂ ಹೇಳಿದರೆ ದೊಡ್ಡ ಉಪಕಾರ.

ತೊಗಲುಸುರುಳಿ

ವಂದನೆಗಳು. ನೀವು ಕೇಳಿದ್ದಕ್ಕೆ 2 ಸಮುವೇಲ 17:27ರಿಂದ 29ರವರೆಗಿನ ಮೂರೇ ವಚನ ಸಾಕು. ಹೆಸರುಗಳ ಪಟ್ಟಿ ಇರುವುದರಿಂದ ಎಲ್ಲರೂ ದಾಟಿಕೊಂಡು ಹೋಗುವ ಜಾಗ ಅದು. ಅಲ್ಲೇ ನಿಲ್ಲಿ.

ಸಂದರ್ಭ: ಅಬ್ಷಾಲೋಮ ತಂದೆಯಾದ ಅರಸ ದಾವೀದನ ವಿರುದ್ಧ ದಂಗೆಯೆದ್ದಿದ್ದಾನೆ. ದಾವೀದ ಯೆರೂಸಲೇಮನ್ನು ಬಿಟ್ಟು ಯೊರ್ದನ್ ದಾಟಿ ಮಹನಯಿಮಿಗೆ ಬಂದಿದ್ದಾನೆ. ಜೊತೆಯವರು ಹಸಿದು, ದಣಿದು, ಬಾಯಾರಿದ್ದಾರೆ. ಆಗ ಮೂವರು ಬರುತ್ತಾರೆ: ಅಮ್ಮೋನಿಯರ ರಬ್ಬಾ ಊರಿನ ನಾಹಾಷನ ಮಗ ಶೋಬಿ, ಲೋದೆಬಾರಿನ ಮಾಕೀರ, ರೋಗೆಲೀಮಿನ ಗಿಲ್ಯಾದ್ಯನಾದ ಬರ್ಜಿಲ್ಲೈ. ತಂದದ್ದೇನು ಎಂದು ಗ್ರಂಥ ಒಂದೊಂದಾಗಿ ಎಣಿಸುತ್ತದೆ: ಹಾಸಿಗೆ, ಬೋಗುಣಿ, ಮಣ್ಣಿನ ಪಾತ್ರೆ, ಗೋದಿ, ಜವೆಗೋದಿ, ಹಿಟ್ಟು, ಹುರಿದ ಕಾಳು, ಅವರೆಯಂಥ ಕಾಳು, ಚನ್ನಂಗಿ, ಜೇನು, ಮೊಸರು, ಕುರಿ, ಹಸುವಿನ ಹಾಲಿನ ಗಿಣ್ಣು. ಮೊದಲು ಹಾಸಿಗೆ, ಆಮೇಲೆ ಪಾತ್ರೆ, ಆಮೇಲೆ ಊಟ. ಓಡಿಬಂದವರಿಗೆ ಮಲಗಲು ಜಾಗವಿಲ್ಲ, ಬೇಯಿಸಲು ಮಡಕೆಯಿಲ್ಲ ಎಂದು ಯೋಚಿಸಿ ಹೊರಟವರು ಇವರು.

ಮೂವರಲ್ಲಿ ಬರ್ಜಿಲ್ಲೈಯ ಎಳೆ ಅತಿ ಉದ್ದ. ನಾಲ್ಕು ಕಡೆ ಹಿಡಿಯಬೇಕು.

2 ಸಮುವೇಲ 19:31–40: ದಂಗೆ ಅಡಗಿ ದಾವೀದ ಹಿಂದಿರುಗುವಾಗ ಬರ್ಜಿಲ್ಲೈ ಯೊರ್ದನಿನವರೆಗೆ ಬಂದು ಬೀಳ್ಕೊಡುತ್ತಾನೆ. ಅವನಿಗೆ ಆಗ 80 ವರ್ಷ. "ನನ್ನ ಸಂಗಡ ಯೆರೂಸಲೇಮಿಗೆ ಬಾ, ನಿನ್ನನ್ನು ಸಾಕುತ್ತೇನೆ" ಎಂಬ ಅರಸನ ಮಾತನ್ನು ಅವನು ಒಪ್ಪುವುದಿಲ್ಲ. ಉಂಡದ್ದರ ರುಚಿ ತಿಳಿಯದು, ಹಾಡುವವರ ದನಿ ಕೇಳಿಸದು, ಅರಸನಿಗೆ ಭಾರವಾಗಿ ಏಕಿರಲಿ, ತಂದೆತಾಯಿಯ ಸಮಾಧಿಯಿರುವ ಊರಲ್ಲೇ ಸಾಯುತ್ತೇನೆ ಅನ್ನುತ್ತಾನೆ. ತನ್ನ ಬದಲಿಗೆ ಕಿಮ್ಹಾಮನನ್ನು (ಮಗನೆಂದು ತೋರುತ್ತದೆ) ಕಳಿಸುತ್ತಾನೆ.

1 ಅರಸುಗಳು 2:7: ದಾವೀದ ಸಾಯುವ ಮುಂಚೆ ಸೊಲೊಮೋನನಿಗೆ ಹೇಳಿದ ಮಾತು. ಬರ್ಜಿಲ್ಲೈಯ ಮಕ್ಕಳಿಗೆ ದಯೆ ತೋರಿಸು, ಅವರು ನಿನ್ನ ಪಂಕ್ತಿಯಲ್ಲಿ ಊಟ ಮಾಡಲಿ. ಈ ವಚನದ ಆಚೀಚೆ ಏನಿದೆ ನೋಡಿ: 5–6ರಲ್ಲಿ ಸೇನಾಪತಿ ಯೋವಾಬನ ಲೆಕ್ಕ ತೀರಿಸು, 8–9ರಲ್ಲಿ ತನ್ನನ್ನು ಶಪಿಸಿದ್ದ ಶಿಮ್ಮಿಯ ಲೆಕ್ಕ ತೀರಿಸು. ಎರಡು ಸೇಡಿನ ನಡುವೆ ಒಂದು ಉಪಕಾರಸ್ಮರಣೆ. ಮರಣಶಯ್ಯೆಯಲ್ಲೂ ಮರೆಯದ ಮೂರು ಸಂಗತಿಗಳಲ್ಲಿ ಇದೊಂದು.

ಯೆರೆಮೀಯ 41:17: ಸುಮಾರು 400 ವರ್ಷ ದಾಟಿದೆ. ಯೆರೂಸಲೇಮ್ ಬಾಬೆಲಿನವರ ಕೈಗೆ ಬಿದ್ದಿದೆ, ಅಧಿಪತಿ ಗೆದಲ್ಯನ ಕೊಲೆಯಾಗಿದೆ. ಅಳಿದುಳಿದವರು ಐಗುಪ್ತಕ್ಕೆ ಓಡುವ ದಾರಿಯಲ್ಲಿ ಬೇತ್ಲೆಹೇಮಿನ ಹತ್ತಿರ ತಂಗುತ್ತಾರೆ. ಆ ಜಾಗದ ಹೆಸರು ಗೇರೂತ್ ಕಿಮ್ಹಾಮ್. ಇದು ಬರ್ಜಿಲ್ಲೈ ಕಳಿಸಿದ ಕಿಮ್ಹಾಮನಿಗೆ ದಾವೀದ ತನ್ನ ಹುಟ್ಟೂರಿನ ಪಕ್ಕದಲ್ಲಿ ಕೊಟ್ಟ ಜಮೀನು ಎಂದು ಅನೇಕ ವ್ಯಾಖ್ಯಾನಕಾರರು ಓದುತ್ತಾರೆ. ಗ್ರಂಥ ಅದನ್ನು ಬಾಯಿಬಿಟ್ಟು ಹೇಳಿಲ್ಲ, ಹೆಸರು ಮತ್ತು ಸ್ಥಳದಿಂದ ಮಾಡಿದ ಊಹೆ. ಗುಂಪಿನಲ್ಲಿಯೂ ಹಾಗೆಯೇ ಹೇಳಿ.

ಎಜ್ರ 2:61–63, ಅದೇ ಪಟ್ಟಿ ನೆಹೆಮೀಯ 7:63–65ರಲ್ಲಿ: ಸೆರೆಯಿಂದ ಹಿಂದಿರುಗಿದ ಒಂದು ಯಾಜಕ ಕುಟುಂಬ ಬರ್ಜಿಲ್ಲೈಯ ಹೆಸರನ್ನೇ ಇಟ್ಟುಕೊಂಡಿದೆ. ಅವರ ಪೂರ್ವಜ ಬರ್ಜಿಲ್ಲೈಯ ಮನೆತನದ ಹೆಣ್ಣನ್ನು ಮದುವೆಯಾಗಿ ಆ ಹೆಸರು ತೆಗೆದುಕೊಂಡಿದ್ದ. ವಂಶಾವಳಿಯ ದಾಖಲೆ ಸಿಗದ್ದರಿಂದ ಅವರನ್ನು ಯಾಜಕ ಕೆಲಸದಿಂದ ಹೊರಗಿಟ್ಟರು ಎಂಬುದನ್ನೂ ಬಿಡದೆ ಓದಿ. ಒಳ್ಳೆಯವನ ಹೆಸರು ಹೊತ್ತ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯುವುದಿಲ್ಲ.

ದೀಪದೆಣ್ಣೆ

ತೊಗಲುಸುರುಳಿಯವರು ಬರ್ಜಿಲ್ಲೈಯನ್ನು ಪೂರ್ತಿ ಹೇಳಿದರು. ಉಳಿದ ಇಬ್ಬರೂ ಸುಮ್ಮನೆ ಬಂದವರಲ್ಲ.

ಲೋದೆಬಾರಿನ ಮಾಕೀರ ಇದಕ್ಕೂ ಮೊದಲೇ ಒಮ್ಮೆ ಬಂದಿದ್ದಾನೆ, 2 ಸಮುವೇಲ 9:4–5ರಲ್ಲಿ. ಹಿಂದಿನ ಅರಸ ಸೌಲನ ಮೊಮ್ಮಗ, ದಾವೀದನ ಗೆಳೆಯ ಯೋನಾತಾನನ ಮಗ ಮೆಫೀಬೋಶೆತ ಇದ್ದದ್ದು ಅವನ ಮನೆಯಲ್ಲೇ. ಐದು ವರ್ಷದವನಾಗಿದ್ದಾಗ, ತಂದೆಯೂ ತಾತನೂ ಯುದ್ಧದಲ್ಲಿ ಸತ್ತ ಸುದ್ದಿ ಬಂದು, ದಾದಿ ಎತ್ತಿಕೊಂಡು ಓಡುವಾಗ ಬಿದ್ದು ಎರಡೂ ಕಾಲು ಕುಂಟಾದವನು (4:4). ಬಿದ್ದುಹೋದ ರಾಜಮನೆತನದ ಅಂಗವಿಕಲ ಕುಡಿಗೆ ಮನೆಯಲ್ಲಿ ಜಾಗ ಕೊಡುವುದು ಹೊಸ ಅರಸನ ಕಾಲದಲ್ಲಿ ಅಪಾಯದ ಕೆಲಸ. ಆ ಮಾಕೀರನೇ ಮುಂದೆ, ದಾವೀದ ನೆಲೆ ತಪ್ಪಿದಾಗ, ಹಾಸಿಗೆ ಹೊತ್ತು ತರುತ್ತಾನೆ. ಬಿದ್ದವರ ಪಕ್ಕ ನಿಲ್ಲುವುದು ಅವನಿಗೆ ರೂಢಿ.

ಶೋಬಿಯ ಕಥೆ ಇನ್ನೂ ಗಾಢ. 10:1–2ರಲ್ಲಿ ಅಮ್ಮೋನಿಯರ ಅರಸ ನಾಹಾಷ ಸತ್ತಾಗ, ಅವನು ತನಗೆ ದಯೆ ತೋರಿಸಿದ್ದನೆಂದು ದಾವೀದ ಮಗ ಹಾನೂನನಿಗೆ ಸಂತಾಪ ಹೇಳಿಕಳಿಸುತ್ತಾನೆ. ಹಾನೂನನ ಸರದಾರರು "ಇವರು ಗೂಢಚಾರರು" ಎಂದು ಕಿವಿಯೂದುತ್ತಾರೆ. ಹೋದವರ ಅರ್ಧ ಗಡ್ಡ ಬೋಳಿಸಿ, ಬಟ್ಟೆಯನ್ನು ಸೊಂಟದವರೆಗೆ ಕತ್ತರಿಸಿ ಕಳಿಸುತ್ತಾರೆ. ಅಲ್ಲಿಂದ ಯುದ್ಧ. ದಯೆ ಅಲ್ಲಿಗೆ ಸತ್ತಿತು ಎಂದುಕೊಳ್ಳುತ್ತೇವೆ. ಏಳು ಅಧ್ಯಾಯ ಕಳೆದು, ಅದೇ ರಬ್ಬಾ ಊರಿಂದ, ನಾಹಾಷನ ಇನ್ನೊಬ್ಬ ಮಗನೆಂದು ತೋರುವವನು ಬಂದು ಜೇನು, ಮೊಸರು ಇಡುತ್ತಾನೆ.

ಒಂದೇ ವಚನದ ಮೂರು ಹೆಸರಿನ ಹಿಂದೆ ಮೂರು ಹಳೆಯ ಎಳೆಗಳು. ಮೊದಲ ವಾರಕ್ಕೆ ಇದನ್ನೇ ಇಡಿ.

ಎರಡನೆಯ ಮೈಲಿ

ಚೆನ್ನಾಗಿದೆ, ಆದರೆ ಯೌವನಸ್ಥರು ಕೇಳಿಯೇ ಕೇಳುವ ಎರಡು ಪ್ರಶ್ನೆ ಇಲ್ಲಿಯೇ ಇಡುತ್ತೇನೆ.

ಒಂದು, ಇದೆಲ್ಲ ಕೊಟ್ಟು ತೆಗೆದುಕೊಳ್ಳುವ ವ್ಯವಹಾರವಲ್ಲವೇ? ನಾಹಾಷ ಕೊಟ್ಟ, ದಾವೀದ ತೀರಿಸಿದ. ಬರ್ಜಿಲ್ಲೈ ಕೊಟ್ಟ, ದಾವೀದ ತೀರಿಸಿದ. ಲೂಕ 6:32–35ರಲ್ಲಿ ಯೇಸು ಸ್ವಾಮಿ "ತಿರುಗಿ ಕೊಡುವವರಿಗೇ ಕೊಟ್ಟರೆ ಏನು ಹೆಚ್ಚುಗಾರಿಕೆ" ಎಂದು ಕೇಳಿದ್ದು ಇದನ್ನೇ ತಾನೆ?

ಎರಡು, ದಾವೀದ ಮೆಫೀಬೋಶೆತನನ್ನು ತನ್ನ ಪಂಕ್ತಿಯಲ್ಲಿ ಕೂರಿಸಿದ್ದು ದಯೆಯೋ, ಸೌಲನ ಮನೆತನದ ವಾರಸುದಾರನನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವ ಉಪಾಯವೋ? ದಿನವೂ ಹಂಗಿನ ಅನ್ನ ಉಣ್ಣುವವನು ಎದುರು ಮಾತಾಡಲಾರ. 9:8ರಲ್ಲಿ ಅವನು ತನ್ನನ್ನು ಸತ್ತ ನಾಯಿ ಎಂದುಕೊಳ್ಳುತ್ತಾನಲ್ಲ.

ತೊಗಲುಸುರುಳಿ

ಎರಡೂ ಸರಿಯಾದ ಪ್ರಶ್ನೆಗಳೇ. ಎರಡನೆಯದಕ್ಕೆ ಮೊದಲು ಬರುತ್ತೇನೆ.

ರಾಜಕೀಯದ ಲೆಕ್ಕಾಚಾರ ಇತ್ತು ಎಂಬ ಓದು ಹಳೆಯದು, ತಳ್ಳಿಹಾಕುವಂಥದ್ದಲ್ಲ. ಆದರೆ 9ನೆಯ ಅಧ್ಯಾಯದಲ್ಲಿ ಏನೇನು ಕೊಟ್ಟ ಎಂದು ಲೆಕ್ಕ ಹಾಕಿ. ಸೌಲನ ಭೂಮಿಯನ್ನೆಲ್ಲ ವಾಪಸು ಕೊಟ್ಟ (9:7). ಬೇಸಾಯಕ್ಕೆ ಸೌಲನ ಮನೆಯ ಸೇವಕನಾಗಿದ್ದ ಚೀಬ, ಅವನ 15 ಗಂಡುಮಕ್ಕಳು, 20 ಮಂದಿ ಆಳುಗಳನ್ನು ನೇಮಿಸಿದ (9:10). ಪಂಕ್ತಿಯೊಂದೇ ಆಗಿದ್ದರೆ ಅದು ಹಂಗು. ಭೂಮಿ ಕೊಟ್ಟಮೇಲೆ ಮೆಫೀಬೋಶೆತನಿಗೆ ಸ್ವಂತ ಆದಾಯವಿದೆ, ಮೀಕ ಎಂಬ ಎಳೆಯ ಮಗನಿಗೆ ಮುಂದೆ ಆಸ್ತಿಯಿದೆ. ನಿಗಾ ಇಡಬೇಕಾದವನಿಗೆ 36 ಜನ ಕೆಲಸಗಾರರ ಜಮೀನು ಕೊಡುವುದು ಒಳ್ಳೆಯ ಉಪಾಯವಲ್ಲ.

ಇನ್ನು ತೀರಿಸುವ ವ್ಯವಹಾರ. ಯೋನಾತಾನ ಸತ್ತಿದ್ದ. 1 ಸಮುವೇಲ 20:14–17ರಲ್ಲಿ ಅವನು ಕೇಳಿದ್ದೂ ತನ್ನ ಮನೆಯವರಿಗಾಗಿ. ಮಾತು ಪಡೆದವನು ಸತ್ತ ಮೇಲೆ ಮಾತು ಉಳಿಸದಿದ್ದರೆ ಕೇಳುವವರು ಯಾರೂ ಇರಲಿಲ್ಲ. "ಸೌಲನ ಮನೆಯಲ್ಲಿ ಯಾರಾದರೂ ಉಳಿದಿದ್ದಾರೋ" ಎಂದು ದಾವೀದನೇ ಹುಡುಕಿ ಕೇಳಬೇಕಾಯಿತು (9:1). ಬರ್ಜಿಲ್ಲೈ ಅಂತೂ ಪ್ರತಿಫಲವನ್ನು ಬೇಡವೆಂದ. ವ್ಯವಹಾರವಾಗಿದ್ದರೆ ಲೆಕ್ಕ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಮಕ್ಕಳಿಗೆ ಇಳಿಯಿತು.

ಇದಕ್ಕಿಂತ ಉದ್ದದ ಎಳೆಯೂ ಇದೆ. 1 ಸಮುವೇಲ 15:6ರಲ್ಲಿ ಸೌಲ ಅಮಾಲೇಕ್ಯರ ಮೇಲೆ ದಂಡೆತ್ತಿ ಹೋದಾಗ ಅವರ ನಡುವೆ ವಾಸವಾಗಿದ್ದ ಕೇನ್ಯ ಜನಾಂಗಕ್ಕೆ ಮೊದಲೇ ಹೇಳಿಕಳಿಸಿ ಅಲ್ಲಿಂದ ಹೊರಡಿಸುತ್ತಾನೆ. ಕೊಡುವ ಕಾರಣ: ಇಸ್ರಾಯೇಲ್ಯರು ಐಗುಪ್ತದಿಂದ ಬರುವಾಗ ನೀವು ದಯೆ ತೋರಿಸಿದಿರಿ. ಮೋಶೆಯ ಕಾಲದ ಉಪಕಾರ ನ್ಯಾಯಸ್ಥಾಪಕರ ಯುಗವನ್ನೆಲ್ಲ ದಾಟಿ, ಒಂದು ಜನಾಂಗದ ಜೀವ ಉಳಿಸುವಾಗ ನೆನಪಿಗೆ ಬರುತ್ತದೆ. ಉಪಕಾರ ಮಾಡಿದವರೂ ಪಡೆದವರೂ ಆಗ ಒಬ್ಬರೂ ಬದುಕಿಲ್ಲ.

ಹೊಲದ ಬದು

ಅರಸರ ಕಥೆ ಚೆಂದ. ಆದರೆ ಅರಸರಲ್ಲದವರ ದಯೆ ಯಾವ ಅಳತೆಯಲ್ಲಿ ನಡೆಯುತ್ತದೆ ಅನ್ನುವುದಕ್ಕೆ ರೂತಳ ಗ್ರಂಥದ 2ನೆಯ ಅಧ್ಯಾಯ ಬೇಕೇ ಬೇಕು. ಎರಡನೆಯ ವಾರ ಪೂರ್ತಿ ಇದಕ್ಕೇ ಇಡಿ.

ಮೊದಲು ಕಾನೂನು ಓದಿಸಿ: ಯಾಜಕಕಾಂಡ 19:9–10, 23:22, ಧರ್ಮೋಪದೇಶಕಾಂಡ 24:19–22. ಹೊಲದ ಅಂಚನ್ನು ಕೊಯ್ಯದೆ ಬಿಡಬೇಕು. ಬಿದ್ದ ತೆನೆ ಹಕ್ಕಲಾಯುವವರಿಗೆ. ಮರೆತುಬಂದ ಸಿವುಡನ್ನು ತರಲು ಹಿಂದಿರುಗಬಾರದು. ಎಣ್ಣೆಮರವನ್ನು (ಆಲಿವ್) ಒಮ್ಮೆ ಬಡಿದ ಮೇಲೆ ಕೊಂಬೆಗಳಲ್ಲಿ ಮತ್ತೆ ಹುಡುಕಬಾರದು. ಪರದೇಶಿ, ತಾಯಿತಂದೆಯಿಲ್ಲದವರು, ವಿಧವೆ, ಬಡವರು, ಇವರಿಗೆ ಸೇರಿದ್ದು ಅದು. ಹಕ್ಕಲಾಯುವುದು ನಮ್ಮ ಬಯಲುಸೀಮೆಯವರಿಗೆ ಗೊತ್ತಿರುವ ಕೆಲಸವೇ. ಬೆನ್ನು ಬಗ್ಗಿಸಿ ದಿನವಿಡೀ ಆಯಬೇಕು. ತಟ್ಟೆಗೆ ಬಂದು ಬೀಳುವ ದಾನವಲ್ಲ.

ಎಷ್ಟು ಬಿಡಬೇಕು ಎಂದು ಧರ್ಮಶಾಸ್ತ್ರ ಹೇಳುವುದಿಲ್ಲ. ಮುಂದೆ, ಕ್ರಿ.ಶ. 200ರ ಸುಮಾರಿಗೆ ಕ್ರೋಡೀಕರಣವಾದ ಯೆಹೂದ್ಯರ ನಿಯಮಗ್ರಂಥ ಮಿಷ್ನಾದಲ್ಲಿ ಪೇಯಾ ಎಂಬ ಭಾಗ ಇದಕ್ಕೇ ಮೀಸಲು. ಅದರ ಮೊದಲ ಸಾಲಿನಲ್ಲಿ ಹೊಲದ ಅಂಚೂ ಉಪಕಾರದ ಕೆಲಸಗಳೂ ಅಳತೆಯಿಲ್ಲದವು ಎಂದಿದೆ. ಮರುಸಾಲಿನಲ್ಲೇ ಅಂಚು 60ರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗಬಾರದು ಎಂದಿದೆ. ಮೇಲಕ್ಕೆ ಮಿತಿಯಿಲ್ಲ, ಕೆಳಕ್ಕೆ ಮಿತಿಯುಂಟು. ಎಕರೆಗೆ 12 ಕ್ವಿಂಟಾಲ್ ರಾಗಿ ಬಂದರೆ 20 ಕೆಜಿ. ಇನ್ನೂ ಸೂಕ್ಷ್ಮಕ್ಕೆ ಹೋಗುತ್ತಾರೆ: ಹಿಲ್ಲೇಲ ಎಂಬ ಗುರುವಿನ ಪಂಥದವರ ಪ್ರಕಾರ ಎರಡು ತೆನೆ ಬಿದ್ದರೆ ಹಕ್ಕಲು, ಮೂರು ಬಿದ್ದರೆ ಮಾಲೀಕನದು. ಬಡವರು ಹೊಲಕ್ಕೆ ಬರುವ ಹೊತ್ತು ದಿನಕ್ಕೆ ಮೂರು. ಒಬ್ಬರಿಗೆ ಬಿಟ್ಟು ಇನ್ನೊಬ್ಬರನ್ನು ತಡೆಯುವವನು, ಆಯುವವರಲ್ಲಿ ಒಬ್ಬರಿಗೆ ಮಾತ್ರ ನೆರವಾಗುವವನು ಬಡವರನ್ನು ದೋಚುವವನು.

ಆ ಕೊನೆಯ ನಿಯಮ ಇಟ್ಟುಕೊಂಡು, ವಿಧವೆ ರೂತಳು ಹಕ್ಕಲಾಯ್ದ ಹೊಲದ ಒಡೆಯ ಬೋವಜನನ್ನು ನೋಡಿ. ರೂತಳು ಮಿಷ್ನಾಕ್ಕಿಂತ ಎಷ್ಟೋ ಹಿಂದಿನವಳು, ಆ ನಿಯಮಗಳು ಅವತ್ತೇ ಇದ್ದವು ಎಂದು ಹೇಳಬೇಡಿ. ಆದರೂ ಹೋಲಿಸಿದರೆ ಒಂದು ವಿಷಯ ಬೆಳಕಿಗೆ ಬರುತ್ತದೆ. ಬೋವಜ ಬೇರೆ ಬಡವರ ಪಾಲಿನಿಂದ ತೆಗೆದು ರೂತಳಿಗೆ ಕೊಡಲಿಲ್ಲ. 2:15–16ರಲ್ಲಿ ಸಿವುಡುಗಳ ನಡುವೆ ಆಯಲು ಬಿಡಿ, ಸಿವುಡಿನಿಂದಲೇ ಕೆಲವು ತೆನೆ ಎಳೆದು ಬೀಳಿಸಿ, ಗದರಿಸಬೇಡಿ ಅನ್ನುತ್ತಾನೆ. ಸಿವುಡು ಕಟ್ಟಿದ್ದು ಅವನ ಸ್ವಂತ ಬೆಳೆ. ಹೆಚ್ಚಿನದು ಅವನ ಕಣಜದಿಂದ ಹೋಯಿತು.

ಉಳಿದ ವಿವರ: ಆಳುಗಳು ಮುಟ್ಟಬಾರದೆಂದು ಅಪ್ಪಣೆ (2:9), ಸೇದಿಟ್ಟ ನೀರು, ಊಟದ ಹೊತ್ತಿಗೆ ಹುಳಿರಸದಲ್ಲಿ ಅದ್ದಿ ತಿನ್ನಲು ರೊಟ್ಟಿ, ಹುರಿದ ತೆನೆ. ಅವಳು ಹೊಟ್ಟೆ ತುಂಬ ತಿಂದು ಉಳಿಸಿ ಅತ್ತೆಗೂ ಒಯ್ದಳು (2:14, 18). ಸಂಜೆ ಬಡಿದು ತೂರಿದಾಗ ಒಂದು ಏಫಾ ಜವೆಗೋದಿ. ಸುಮಾರು 22 ಲೀಟರ್, ತೂಕದಲ್ಲಿ 13 ಕೆಜಿ ಆಚೀಚೆ. ಒಬ್ಬಳು ಒಂದು ದಿನದಲ್ಲಿ ಆಯ್ದದ್ದಕ್ಕೆ ಬಹಳ ದೊಡ್ಡ ರಾಶಿ. ಅದಕ್ಕೇ ಅತ್ತೆ ನೊವೊಮಿ "ಇವತ್ತು ಎಲ್ಲಿ ಆಯ್ದೆ" ಎಂದು ಬೆರಗಾಗಿ ಕೇಳುತ್ತಾಳೆ.

ಒಂದೇ ದಿನಕ್ಕೆ ನಿಲ್ಲಿಸಲಿಲ್ಲ ಎಂಬುದು ಮುಖ್ಯ. 2:23ರ ಪ್ರಕಾರ ಜವೆಗೋದಿಯ ಕೊಯ್ಲಿನಿಂದ ಗೋದಿಯ ಕೊಯ್ಲು ಮುಗಿಯುವ ತನಕ. ಯೂದಾಯದ ಹವೆಯಲ್ಲಿ ಅದು ಏಪ್ರಿಲ್ ಕೊನೆಯಿಂದ ಜೂನ್ ಮೊದಲವರೆಗೆ, ಆರೇಳು ವಾರ. ಆಮೇಲೆ ಸುಗ್ಗಿಯಿಲ್ಲ, ಹಕ್ಕಲೂ ಇಲ್ಲ. 3 ಮತ್ತು 4ನೆಯ ಅಧ್ಯಾಯ ಆಗಬೇಕಾದದ್ದು ಈ ಕಾರಣಕ್ಕೇ. ಸುಗ್ಗಿಯ ದಯೆ ಮುಗಿಯುವ ಮುಂಚೆ ಭೂಮಿಯೂ ಮನೆಯೂ ಆಗುವ ಏರ್ಪಾಡು ಬೇಕು ಎಂದು ನೊವೊಮಿಗೆ ಗೊತ್ತಿತ್ತು. ಊರ ಬಾಗಿಲಲ್ಲಿ ಹತ್ತು ಹಿರಿಯರ ಮುಂದೆ ಬೋವಜ ಅದನ್ನು ಮುಗಿಸಿ ರೂತಳನ್ನು ಮದುವೆಯಾದ. ಮಗ ಓಬೇದ, ಅವನ ಮಗ ಇಷಯ, ಅವನ ಮಗ ದಾವೀದ.

ಮಲೆನಾಡು ಓದುಗ

ತುಂಬ ಧನ್ಯವಾದಗಳು. ಮತ್ತಾಯ 1:5ರಲ್ಲಿ ಬೋವಜನ ತಾಯಿ ರಾಹಾಬ ಎಂದಿದೆಯಲ್ಲ, ಅದನ್ನೂ ಜೋಡಿಸಬಹುದೇ? ಇನ್ನೊಂದು: 2 ಸಮುವೇಲ 21ರಲ್ಲಿ, ಸೌಲ ಗಿಬ್ಯೋನ್ಯರನ್ನು ಕೊಲ್ಲಿಸಿದ್ದಕ್ಕೆ ಪ್ರತಿಯಾಗಿ ದಾವೀದ ಅವರಿಗೆ ಒಪ್ಪಿಸಿದ ಸೌಲನ ವಂಶದ ಏಳು ಮಂದಿಯಲ್ಲಿ ಮೆಫೀಬೋಶೆತನ ಹೆಸರೂ ಇದೆ. ಹಾಗಾದರೆ ಯೋನಾತಾನನಿಗೆ ಕೊಟ್ಟ ಮಾತು ಮುರಿದಂತಾಯಿತೇ?

ತೊಗಲುಸುರುಳಿ

ಮಾತು ಮುರಿಯಲಿಲ್ಲ. ಇಬ್ಬರು ಮೆಫೀಬೋಶೆತರಿದ್ದಾರೆ. 21:7ರಲ್ಲಿ ಯೋನಾತಾನನ ಮಗನನ್ನು, ಆಣೆಯ ಕಾರಣದಿಂದ, ದಾವೀದ ಉಳಿಸಿದ. 21:8ರಲ್ಲಿ ಸತ್ತವನು ಸೌಲನಿಗೆ ಉಪಪತ್ನಿ ರಿಚ್ಪಳಲ್ಲಿ ಹುಟ್ಟಿದ ಇನ್ನೊಬ್ಬ. ಎರಡು ವಚನ ಅಕ್ಕಪಕ್ಕದಲ್ಲಿ ಇರುವುದರಿಂದ ಬಹಳ ಮಂದಿ ಇಲ್ಲೇ ಎಡವುತ್ತಾರೆ.

ಆ ಅಧ್ಯಾಯ ಕಠಿಣ, ಯೌವನಸ್ಥರ ಗುಂಪಿನಲ್ಲಿ ಅದರ ನ್ಯಾಯ ಅನ್ಯಾಯವನ್ನು 45 ನಿಮಿಷದಲ್ಲಿ ಬಿಡಿಸಲಾಗದು. ಆದರೆ 21:10–14 ಬಿಡಬೇಡಿ. ರಿಚ್ಪಳು ಗೋಣಿತಟ್ಟು ಹಾಸಿಕೊಂಡು ಬಂಡೆಯ ಮೇಲೆ ಕೂತು, ಜವೆಗೋದಿಯ ಸುಗ್ಗಿ ಮೊದಲಾದಾಗಿನಿಂದ ಮಳೆ ಬೀಳುವ ತನಕ ಹೆಣಗಳನ್ನು ಹಕ್ಕಿಗಳಿಂದಲೂ ಕಾಡುಮೃಗಗಳಿಂದಲೂ ಕಾಯುತ್ತಾಳೆ. ಅದನ್ನು ಕೇಳಿದ ದಾವೀದ ಯಾಬೇಷ್ ಗಿಲ್ಯಾದಿಗೆ ಹೋಗಿ ಸೌಲ ಯೋನಾತಾನರ ಎಲುಬುಗಳನ್ನು ತಂದು ಸೌಲನ ತಂದೆ ಕೀಷನ ಸಮಾಧಿಯಲ್ಲಿ ಇಡುತ್ತಾನೆ. ದೇಶದ ವಿಷಯದ ಪ್ರಾರ್ಥನೆಯನ್ನು ದೇವರು ಲಾಲಿಸಿದ್ದು ಅದಾದ ಮೇಲೆ. ಏಳು ಮಂದಿ ಸತ್ತ ಕೂಡಲೇ ಅಲ್ಲ.

ಎಲುಬುಗಳು ಯಾಬೇಷಿನಲ್ಲಿ ಇದ್ದದ್ದೇಕೆ? 1 ಸಮುವೇಲ 11ರಲ್ಲಿ ಅಮ್ಮೋನ್ಯ ನಾಹಾಷ ಆ ಊರಿನವರೆಲ್ಲರ ಬಲಗಣ್ಣು ಕೀಳುತ್ತೇನೆಂದಾಗ ಸೌಲ ಬಿಡಿಸಿದ್ದ. ಸೌಲನ ಆಳ್ವಿಕೆ ಆಮೇಲೆ ಕೆಟ್ಟಿತು. ಅವನು ಸತ್ತಾಗ ಫಿಲಿಷ್ಟಿಯರು ಹೆಣವನ್ನು ಬೇತ್ಷೆಯಾನಿನ ಗೋಡೆಗೆ ತೂಗುಹಾಕಿದರು. ಯಾಬೇಷಿನ ಶೂರರು ರಾತ್ರಿಯೆಲ್ಲ ನಡೆದು ಹೋಗಿ ಇಳಿಸಿ ತಂದು, ಸುಟ್ಟು, ಎಲುಬುಗಳನ್ನು ಮರದ ಕೆಳಗೆ ಹೂಣಿಟ್ಟು ಏಳು ದಿನ ಉಪವಾಸವಿದ್ದರು (31:11–13). ಅವರ ಮಟ್ಟಿಗೆ ಸೌಲ ತಮ್ಮ ಕಣ್ಣು ಉಳಿಸಿದವನು. ಸತ್ತವನಿಂದ ಇನ್ನೇನೂ ಬರಬೇಕಾದದ್ದಿರಲಿಲ್ಲ. ಎರಡನೆಯ ಮೈಲಿಯವರ ವ್ಯವಹಾರದ ಪ್ರಶ್ನೆಗೆ ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿ ಉತ್ತರ ಹಳೆಯ ಒಡಂಬಡಿಕೆಯಲ್ಲಿಲ್ಲ.

ಗಮನಿಸಿ, ಯಾಬೇಷಿಗೆ ಕ್ರೂರಿಯಾದ ಅದೇ ನಾಹಾಷ ದಾವೀದನಿಗೆ ದಯೆ ತೋರಿಸಿದವನೆಂದು ತೋರುತ್ತದೆ. ಗ್ರಂಥ ಎರಡನ್ನೂ ಹೇಳುತ್ತದೆ, ಒಂದನ್ನು ಮುಚ್ಚಲು ಇನ್ನೊಂದನ್ನು ಬಳಸುವುದಿಲ್ಲ.

ರಾಹಾಬಳನ್ನು ಧಾರಾಳವಾಗಿ ಜೋಡಿಸಿ: ಯೆಹೋಶುವ 2:12–14, 6:22–25. ಗೂಢಚಾರರನ್ನು ಅಗಸೆ ದಂಟಿನ ಕೆಳಗೆ ಬಚ್ಚಿಟ್ಟವಳು. ಮತ್ತಾಯನ ಪಟ್ಟಿಯಲ್ಲಿ ನಡುವೆ ಕೆಲವು ತಲೆಮಾರು ಬಿಟ್ಟಿರಬಹುದು ಎಂಬ ಮಾತಿದೆ. ಆ ಚರ್ಚೆಗೆ ಇಳಿದರೆ ಹೊತ್ತು ಹೋಗುತ್ತದೆ.

ಎರಡನೆಯ ಮೈಲಿ

ಯಾಬೇಷಿನ ಉತ್ತರ ಒಪ್ಪಿದೆ. ಆದರೆ ದಯೆ ಯಾವಾಗಲೂ ಉಳಿಯುತ್ತದೆ ಎಂದು ಕಲಿಸಿಬಿಡಬೇಡಿ, ಬೈಬಲ್ ಹಾಗೆ ಹೇಳುವುದಿಲ್ಲ. ಮರೆತವರ ಪಟ್ಟಿಯೂ ಅಷ್ಟೇ ಉದ್ದ.

ಆದಿಕಾಂಡ 40:14ರಲ್ಲಿ ಸೆರೆಯಲ್ಲಿದ್ದ ಯೋಸೇಫ ಪಾನದಾಯಕರ ಮುಖ್ಯಸ್ಥನನ್ನು "ನನಗೆ ದಯೆ ತೋರಿಸಿ ಫರೋಹನ ಮುಂದೆ ನನ್ನ ಹೆಸರೆತ್ತು" ಎಂದು ಬೇಡಿಕೊಂಡ. ಅವನು ಮರೆತ. ಪೂರಾ ಎರಡು ವರ್ಷ (41:1). ನ್ಯಾಯಸ್ಥಾಪಕರು 8:35: ಗಿದ್ಯೋನ ಮಾಡಿದ ಒಳಿತಿಗೆ ತಕ್ಕ ದಯೆಯನ್ನು ಜನ ಅವನ ಮನೆಗೆ ತೋರಿಸಲಿಲ್ಲ. ಮುಂದಿನ ಅಧ್ಯಾಯದಲ್ಲಿ ಅವನ ಮಕ್ಕಳ ಕೊಲೆ.

ಎಲ್ಲಕ್ಕಿಂತ ನೋವಿನದು 2 ಪೂರ್ವಕಾಲವೃತ್ತಾಂತ 24:17–22. ಯಾಜಕ ಯೆಹೋಯಾದ ಮತ್ತು ಅವನ ಹೆಂಡತಿ ರಾಜವಂಶದ ಕೂಸು ಯೋವಾಷನನ್ನು ಆರು ವರ್ಷ ದೇವಾಲಯದಲ್ಲಿ ಬಚ್ಚಿಟ್ಟು ಬೆಳೆಸಿ ಅರಸನನ್ನಾಗಿ ಮಾಡಿದವರು. ಯೆಹೋಯಾದ ಸತ್ತ ಮೇಲೆ ಅದೇ ಯೋವಾಷ, ತಪ್ಪನ್ನು ಎತ್ತಿ ಹೇಳಿದ ಅವನ ಮಗ ಜೆಕರ್ಯನನ್ನು ದೇವಾಲಯದ ಅಂಗಳದಲ್ಲೇ ಕಲ್ಲೆಸೆದು ಕೊಲ್ಲಿಸಿದ. ಗ್ರಂಥ ಅಲ್ಲಿ "ಅರಸನು ಯೆಹೋಯಾದನ ದಯೆಯನ್ನು ನೆನಸಲಿಲ್ಲ" ಎಂದೇ ಬರೆದಿದೆ. 17–18ನೆಯ ವಚನದಲ್ಲಿ ಕಾರಣವೂ ಉಂಟು: ಹಿರಿಯ ಸತ್ತ ಕೂಡಲೇ ಪ್ರಧಾನರು ಬಂದು ಅಡ್ಡಬಿದ್ದರು, ಅರಸ ಅವರ ಮಾತಿಗೆ ಕಿವಿಗೊಟ್ಟ. ಹಾನೂನನಿಗೂ ಆದದ್ದು ಅದೇ. ಉಪಕಾರವನ್ನು ತಾನೇ ಮರೆಯುವುದು ಕಡಿಮೆ, ಪಕ್ಕದಲ್ಲಿ ಕೂತವರು ಮರೆಸುವುದು ಹೆಚ್ಚು.

ಮೂರನೆಯ ವಾರಕ್ಕೆ ದಯವಿಟ್ಟು ಇದನ್ನೇ ಇಡಿ. ಸವಿಮಾತು ಮಾತ್ರ ಕಲಿಸಿದರೆ ಮೊದಲ ಸಲ ಉಪಕಾರಕ್ಕೆ ಅಪಕಾರ ಸಿಕ್ಕಾಗ ಆ ಮಕ್ಕಳು ಕುಸಿಯುತ್ತಾರೆ.

ದೀಪದೆಣ್ಣೆ

ಇದಕ್ಕೆ ಚೀಬನನ್ನೂ ಸೇರಿಸಲೇಬೇಕು, ಏಕೆಂದರೆ ಅಲ್ಲಿ ಎಡವಿದವನು ದಯೆ ತೋರಿಸಿದವನೇ.

2 ಸಮುವೇಲ 16:1–4. ದಾವೀದ ಓಡುತ್ತಿರುವಾಗ ಚೀಬ ಎರಡು ಕತ್ತೆಗಳ ಮೇಲೆ 200 ರೊಟ್ಟಿ, 100 ಒಣದ್ರಾಕ್ಷಿ ಗೊಂಚಲು, 100 ಹಣ್ಣು, ಒಂದು ತೊಗಲಚೀಲ ದ್ರಾಕ್ಷಾರಸ ತಂದು, "ನನ್ನ ಒಡೆಯ ಮೆಫೀಬೋಶೆತ ರಾಜ್ಯ ತನಗೆ ಬರುತ್ತದೆಂದು ಯೆರೂಸಲೇಮಿನಲ್ಲೇ ಉಳಿದ" ಅನ್ನುತ್ತಾನೆ. ದಾವೀದ ನಿಂತ ನಿಲುವಿನಲ್ಲೇ ಆಸ್ತಿಯನ್ನೆಲ್ಲ ಚೀಬನಿಗೆ ಕೊಡುತ್ತಾನೆ. 19:24–30ರಲ್ಲಿ ಮೆಫೀಬೋಶೆತ ಬರುತ್ತಾನೆ: ಅರಸ ಹೋದ ದಿನದಿಂದ ಕಾಲು ಆರೈಕೆಯಿಲ್ಲ, ಗಡ್ಡ ತಿದ್ದಿಲ್ಲ, ಬಟ್ಟೆ ಒಗೆದಿಲ್ಲ. ಚೀಬ ಮೋಸಮಾಡಿ ತನ್ನನ್ನು ಬಿಟ್ಟುಹೋದ ಅನ್ನುತ್ತಾನೆ. ದಾವೀದ ವಿಚಾರಿಸುವುದಿಲ್ಲ, ಭೂಮಿಯನ್ನು ಹಂಚಿಕೊಳ್ಳಿ ಅನ್ನುತ್ತಾನೆ.

ಸಭೆಗಳ ಸಹಾಯನಿಧಿ ಕೆಡುವುದೂ ಹೀಗೆಯೇ. ಸಹಾಯ ಬೇಕಾದವರು ನಡೆದು ಬರಲಾರರು, ಅವರ ಪರವಾಗಿ ಮಾತಾಡುವವರೊಬ್ಬರು ಕೈತುಂಬ ಹಿಡಿದು ಬರುತ್ತಾರೆ, ಆತುರದಲ್ಲಿ ತೀರ್ಮಾನವಾಗುತ್ತದೆ. ನಾಲ್ಕನೆಯ ವಾರ ಗುಂಪು ಏನಾದರೂ ಕೆಲಸ ಕೈಗೆತ್ತಿಕೊಳ್ಳುವುದಾದರೆ ಇವನ್ನು ಪಾಲಿಸಿ:

ಶಿಫಾರಸು ಮಾಡಿದವರನ್ನು ಬಿಟ್ಟು ಇಬ್ಬರು ಆ ಮನೆಗೇ ಹೋಗಿ ಆ ವ್ಯಕ್ತಿಯ ಬಾಯಿಂದಲೇ ಕೇಳಬೇಕು. ಒಬ್ಬರು ಹೆಂಗಸು ಇರಲಿ. ವಿಧವೆಯರ ಮನೆಯ ನಿಜವಾದ ಅಗತ್ಯ ಗಂಡಸರಿಬ್ಬರ ಮುಂದೆ ಹೊರಬರುವುದಿಲ್ಲ.

ಹಣ ಒಬ್ಬರ ಕೈಯಲ್ಲಿ ಇರಬಾರದು. 2 ಕೊರಿಂಥ 8:18–21ರಲ್ಲಿ ಪೌಲನೇ ಯೆರೂಸಲೇಮಿನ ಬಡವರ ಕಾಣಿಕೆಯನ್ನು ಒಯ್ಯುವಾಗ ಸಭೆಗಳು ನೇಮಿಸಿದ ಇನ್ನೊಬ್ಬನನ್ನು ಜೊತೆಗೆ ಇಟ್ಟುಕೊಂಡ. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿ ಕಾಣಬೇಕೆಂದು ಕಾರಣ ಕೊಟ್ಟ.

ಗೊಣಗಾಟ ಬಂದರೆ ಗೊಣಗಿದವರ ಕಡೆಯವರನ್ನೇ ಸಮಿತಿಗೆ ತನ್ನಿ. ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ತಪ್ಪುತ್ತಿದೆ ಎಂದು ದೂರು ಬಂತು. ಆರಿಸಿದ ಏಳೂ ಮಂದಿಯ ಹೆಸರು ಗ್ರೀಕ್ ಹೆಸರೇ.

ಎಷ್ಟು, ಎಲ್ಲಿಯವರೆಗೆ, ಸಮಿತಿ ಬದಲಾದರೆ ಯಾರು ಮುಂದುವರಿಸುತ್ತಾರೆ, ಇವು ಮೂರನ್ನೂ ಮೊದಲೇ ಬರೆದಿಡಿ. ಅತಿ ಹೆಚ್ಚು ಹಾನಿ ಆಗುವುದು ಇದಿಲ್ಲದೆ. ಮಗುವಿನ ಶಾಲಾ ಶುಲ್ಕ ಕಟ್ಟುತ್ತೇವೆಂದು ಖಾಸಗಿ ಶಾಲೆಗೆ ಸೇರಿಸಿ, ಎರಡನೆಯ ವರ್ಷ ಸಮಿತಿ ಬದಲಾಗಿ ನಿಂತರೆ, ಆ ಮನೆ ಮೊದಲಿಗಿಂತ ಕೆಟ್ಟ ಸ್ಥಿತಿಗೆ ಬರುತ್ತದೆ. ಹತ್ತು ತಿಂಗಳಿಗೆ ಸಾಕಾಗುವ ಹಣವಿದ್ದರೆ ಹತ್ತು ತಿಂಗಳೆಂದೇ ಹೇಳಿ. ದಾವೀದ ಸೊಲೊಮೋನನಿಗೆ ಹೆಸರು ಹಿಡಿದು ಹೇಳಿಹೋಗದಿದ್ದರೆ ಬರ್ಜಿಲ್ಲೈಯ ಮಕ್ಕಳು ಮುಂದಿನ ಆಳ್ವಿಕೆಯಲ್ಲಿ ಯಾರಿಗೂ ಬೇಡವಾಗುತ್ತಿದ್ದರು.

ಪಡೆಯುವವರ ಫೋಟೊ ಬೇಡವೇ ಬೇಡ. ಅಕ್ಕಿ ಚೀಲದ ಜೊತೆ ನಿಲ್ಲಿಸಿ ವಾಟ್ಸಾಪಿಗೆ ಹಾಕುವುದು ಮತ್ತಾಯ 6:2ರ ತುತೂರಿಯೇ.

ಮಲೆನಾಡು ಓದುಗ

ದೀಪದೆಣ್ಣೆ ಅಕ್ಕ, ಮತ್ತಾಯ 6:3ರಲ್ಲಿ ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂದಿದೆಯಲ್ಲ. ಬರೆದಿಡುವುದು ಅದಕ್ಕೆ ವಿರುದ್ಧವಾಗುವುದಿಲ್ಲವೇ?

ದೀಪದೆಣ್ಣೆ

ಇಲ್ಲಪ್ಪ. ಅಲ್ಲಿ ತಡೆದಿರುವುದು ಜನರಿಂದ ಹೊಗಳಿಕೆ ಬರಲೆಂದು ಕೊಡುವುದನ್ನು. ಕೊಟ್ಟವರು ತಮ್ಮದನ್ನು ಮರೆಯಲಿ, ಪಡೆದವರು ನೆನಪಿಡಲಿ. ಇಲ್ಲಿ ನೋಡಿದ ಕಥೆಗಳಲ್ಲಿ ಉಪಕಾರವನ್ನು ನೆನಪಿಟ್ಟವರೆಲ್ಲ ಪಡೆದ ಕಡೆಯವರೇ: ದಾವೀದ, ಯಾಬೇಷಿನವರು, ಕೇನ್ಯರ ವಿಷಯದಲ್ಲಿ ಇಸ್ರಾಯೇಲ್ಯರು. ಮತ್ತಾಯ 25:37–39ರಲ್ಲಿ ನೀತಿವಂತರು "ಯಾವಾಗ ಮಾಡಿದೆವು ಸ್ವಾಮಿ" ಎಂದು ಕೇಳುತ್ತಾರೆ. ಅವರ ಬಳಿ ಪಟ್ಟಿಯಿಲ್ಲ, ಪಟ್ಟಿ ಅರಸನ ಬಳಿಯಿದೆ. ಇಬ್ರಿಯ 6:10 ಸಹ ಅದೇ: ನಿಮ್ಮ ಉಪಚಾರವನ್ನು ಮರೆಯಲು ದೇವರು ಅನ್ಯಾಯಸ್ಥನಲ್ಲ. ಯೋವಾಷ ಮರೆತ ಯೆಹೋಯಾದನ ದಯೆ ಅಲ್ಲಿ ಉಳಿದಿದೆ ಎಂಬುದೇ ನಮ್ಮ ನಂಬಿಕೆ.

ಸಮಿತಿಯ ಪುಸ್ತಕ ಹೊಗಳಿಕೆಗಲ್ಲ, ಕೊಟ್ಟ ಮಾತಿಗೆ. ಅದರಲ್ಲಿ ದಾನಿಗಳ ಹೆಸರಿನ ಕಾಲಮ್ಮೇ ಬೇಡ.

ಹೊಲದ ಬದು

ಸಂಗ್ರಹದ ವಿಧಾನಕ್ಕೆ ಒಂದು ಮಾದರಿ. ಮಿಜೋರಾಮಿನ ಸಭೆಗಳಲ್ಲಿ ಹೆಂಗಸರು 1910ರಿಂದ ಹಿಡಿ ಅಕ್ಕಿಯ ಪದ್ಧತಿ ನಡೆಸಿಕೊಂಡು ಬಂದಿದ್ದಾರೆ. ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ. ಅದನ್ನು ಒಟ್ಟುಮಾಡಿ ಮಾರಿ ಸಭೆಯ ಸೇವೆಗೆ ಬಳಸುತ್ತಾರೆ. ಒಂದು ಹಿಡಿಯನ್ನು 40 ಗ್ರಾಂ ಅಂದುಕೊಂಡರೆ ದಿನಕ್ಕೆ ಎರಡು ಸಲದಂತೆ ತಿಂಗಳಿಗೆ 2.4 ಕೆಜಿ. ಹತ್ತು ಮನೆ ಸೇರಿದರೆ 24 ಕೆಜಿ, ಇಬ್ಬರು ವಯಸ್ಸಾದವರ ಒಂದು ತಿಂಗಳ ಅಕ್ಕಿ ಧಾರಾಳ.

ಕೆಡುವುದು ಎರಡು ಕಡೆ. ಡಬ್ಬಿಗೆ ಗಾಳಿಯಾಡದ ಮುಚ್ಚಳ ಇಲ್ಲದಿದ್ದರೆ, ತಿಂಗಳುಗಟ್ಟಲೆ ಸಂಗ್ರಹಿಸದೆ ಬಿಟ್ಟರೆ ಹುಳು ಹಿಡಿಯುತ್ತದೆ. ವಾರಕ್ಕೊಮ್ಮೆ ತೆಗೆದುಕೊಳ್ಳಿ. ಸೋನಾಮಸೂರಿ, ರೇಷನ್ ಅಕ್ಕಿ, ಕುಸುಬಲಕ್ಕಿ ಎಲ್ಲ ಬೆರೆತರೆ ಒಂದೇ ಹದಕ್ಕೆ ಬೇಯುವುದಿಲ್ಲ. ಬೇರೆ ಬೇರೆ ಚೀಲ ಇಡಿ. ಹುಳು ಬಿದ್ದ ಬೆರಕೆ ಅಕ್ಕಿಯನ್ನು ಬಡವರಿಗೆ ಕೊಡುವುದು ಅವಮಾನ. ಮನೆಯ ಒಲೆಗೆ ಇಡುವ ಅಕ್ಕಿಯಲ್ಲೇ ಹಿಡಿ ತೆಗೆಯುವುದು ಈ ಪದ್ಧತಿಯ ಜೀವ.

ಸಂಬಳದವರು 60ರಲ್ಲಿ ಒಂದು ಪಾಲನ್ನು ಕನಿಷ್ಠವೆಂದು ಇಟ್ಟುಕೊಳ್ಳಬಹುದು: 18,000 ರೂಪಾಯಿಗೆ 300. ಇದು ನಿಯಮವಲ್ಲ, ಇನ್ನೂ ಸಂಪಾದನೆಯಿಲ್ಲದ ವಿದ್ಯಾರ್ಥಿಗಳ ಮೇಲೆ ಹೇರಬೇಡಿ.

ತೊಗಲುಸುರುಳಿ

ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಛತ್ರಕ್ಕೆ ಒಯ್ದು ಉಪಚರಿಸಿದ ಸಮಾರ್ಯದವನನ್ನು ಪೂರ್ತಿ ಬಿಡಬೇಡಿ. ಲೂಕ 10:35 ಒಂದನ್ನೇ ನಾಲ್ಕನೆಯ ವಾರಕ್ಕೆ ತನ್ನಿ. ಎಣ್ಣೆ, ದ್ರಾಕ್ಷಾರಸ, ಸವಾರಿಯ ಪಶು ಎಲ್ಲರಿಗೂ ನೆನಪಿರುತ್ತದೆ. ಮರುದಿನ ಛತ್ರದವನಿಗೆ ಎರಡು ದಿನಾರಿ ಕೊಟ್ಟು, "ಹೆಚ್ಚಿಗೆ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ" ಅಂದದ್ದು ನೆನಪಿರುವುದಿಲ್ಲ. ಮತ್ತಾಯ 20:2ರ ಪ್ರಕಾರ ಒಂದು ದಿನಾರಿ ಒಂದು ದಿನದ ಕೂಲಿ. ಅಂದರೆ ಎರಡು ದಿನದ ಕೂಲಿ ಮುಂಗಡ, ಉಳಿದದ್ದಕ್ಕೆ ಮಾತು, ತಾನು ಇಲ್ಲದಾಗ ನೋಡಿಕೊಳ್ಳಲು ಒಬ್ಬ ಆಳು. ಅಕ್ಕ ಹೇಳಿದ ಮೂರೂ ಅಲ್ಲಿವೆ.

ಓದುವ ಕ್ರಮಕ್ಕೆ ಒಂದು ಮಾತು. ಮೊದಲ ವಾರ 17:27ನ್ನೇ ಮೊದಲು ಓದಿಸಿ, ಮೂರು ಹೆಸರನ್ನು ಹಲಗೆಯ ಮೇಲೆ ಬರೆದು, ಇವರು ಯಾರೆಂದು ಕೇಳಿ. ಯಾರೂ ಹೇಳಲಾರರು. ಆಮೇಲೆ ಮೂರು ಗುಂಪು ಮಾಡಿ ಒಂದೊಂದು ಹೆಸರು ಕೊಡಿ: ಮಾಕೀರನಿಗೆ 9ನೆಯ ಅಧ್ಯಾಯ, ಶೋಬಿಗೆ 10:1–5, ಬರ್ಜಿಲ್ಲೈಗೆ 19:31–40 ಮತ್ತು 1 ಅರಸುಗಳು 2:5–9. 15 ನಿಮಿಷ ಓದು, ಗುಂಪಿಗೆ ಐದೈದು ನಿಮಿಷ ವರದಿ. ಯೆರೆಮೀಯ 41:17ನ್ನು ಮೊದಲೇ ಹಂಚಬೇಡಿ. ವರದಿಗಳೆಲ್ಲ ಮುಗಿದ ಮೇಲೆ ನೀವೇ ಓದಿ.

ಮಲೆನಾಡು ಓದುಗ

ಹಾಗೆಯೇ ಮಾಡುತ್ತೇವೆ. ಎರಡನೆಯ ವಾರ ರೂತಳು, ಮೂರನೆಯ ವಾರ ಯೋವಾಷ ಮತ್ತು ಚೀಬ, ಕೊನೆಗೆ ಲೂಕ 10:35 ಜೊತೆ ಹಿಡಿ ಅಕ್ಕಿಯ ಏರ್ಪಾಡು. ಯಾಬೇಷ್ ಗಿಲ್ಯಾದನ್ನು ಮೂರನೆಯ ವಾರದ ಆರಂಭಕ್ಕೆ ಇಡಲೋ, ಕೊನೆಗೋ?

ಎರಡನೆಯ ಮೈಲಿ

ಕೊನೆಗೆ ಇಡಿ. ಯೋವಾಷನನ್ನು ಓದಿದ ಮೇಲೆ ಆ ಮಕ್ಕಳನ್ನು ಹಾಗೆಯೇ ಮನೆಗೆ ಕಳಿಸಬಾರದು. 1 ಸಮುವೇಲ 31:11–13 ಮೂರೇ ವಚನ, ಎರಡು ನಿಮಿಷ ಸಾಕು.